ಶಾರ್ಜಾದಲ್ಲಿ ಅರಳಿದ ಮಂಡಕ್ಕಿ

ಹೊನ್ನಾಳಿಯ ಹೊಳೆದಂಡೆಯಲ್ಲಿ ಒಂದು ಮಂಡಕ್ಕಿ ಭಟ್ಟಿ. ಅದರ ಹೊಗೆಯಲ್ಲಿ ಕಣ್ಣುಬಿಟ್ಟು, ಅದರ ಬೂದಿಯಲ್ಲಿ ಹಲ್ಲುಜ್ಜಿ ಬೆಳೆದವಳು ದಿಲ್‌ಶಾದ್ ಬೇಗಂ. ಮದುವೆಯಾದ ಮೇಲೆ ಗಂಡನಿದ್ದ ಶಾರ್ಜಾಕ್ಕೆ ಹೋಗಿ ವಿಮಾನ ಇಳಿದವಳು ಮೊದಲು ಕಣ್ತುಂಬ ನೋಡಿದ್ದು ಗಂಡನನ್ನಲ್ಲ, ಉಸುಕನ್ನು. ರಸ್ತೆಯ ಈಚೆಗೂ ಉಸುಕು, ಆಚೆಗೂ ಉಸುಕು, ಆಕಾಶ ಮುಗಿಯುವ ಕಡೆಯೂ ಉಸುಕು. ಸೂರ್ಯ ಮೇಲಿನಿಂದ ಅದನ್ನು ಪುಕ್ಕಟೆ ಕಾಯಿಸುತ್ತಿದ್ದ.

"ಅಲ್ರೀ, ಇಷ್ಟು ಉಸುಕು ಇಟ್ಕೊಂಡು ಈ ಜನ ಮಂಡಕ್ಕಿ ಯಾಕೆ ಹುರಿಯಲ್ಲ?" ಎಂದು ಕೇಳಿದಳು.

ನಿಯಾಜ್ ಅಹಮದ್ ನಗುತ್ತಾ ನಗುತ್ತಾ ತಿರುವು ತಪ್ಪಿ ಗಾಡಿಯನ್ನು ಬೇರೆ ದಾರಿಗೆ ಹಾಕಿದ. "ಐದು ವರ್ಷ ಇಲ್ಲಿ ಗಾಡಿ ಹೊಡೆದೀನಿ. ಈ ಪ್ರಶ್ನೆ ಒಬ್ರೂ ಕೇಳಿರ್ಲಿಲ್ಲ ನೋಡು."

ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಮಂಡಕ್ಕಿ ಹುಟ್ಟುವುದೇ ಉಸುಕಿನಲ್ಲಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಆ ಅಕ್ಕಿಗೆ ಉಪ್ಪುನೀರು ಸವರಿ ಹದಕ್ಕೆ ಬಿಸಿ ಮಾಡಬೇಕು. ಆಮೇಲೆ ಕೆಂಡದಂತೆ ಕಾದ ಉಸುಕಿಗೆ ಒಂದು ಬೊಗಸೆ ಎಸೆದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆಯ ತುಂಬ ಮಲ್ಲಿಗೆ. ಜರಡಿ ಹಿಡಿದರೆ ಉಸುಕು ಕೆಳಗೆ, ಮಂಡಕ್ಕಿ ಮೇಲೆ. ಹೊನ್ನಾಳಿಯ ಹುಡುಗಿಗೆ ಇದು ಅ ಆ ಇ ಈ ಇದ್ದ ಹಾಗೆ.

ಶಾರ್ಜಾಕ್ಕೆ ಹೋದ ಮೊದಲ ವಾರದಲ್ಲೇ ಅವಳು ಮನೆಯ ಹಿಂದಿನ ದಿಬ್ಬದಿಂದ ಒಂದು ಬಕೆಟ್ ಉಸುಕು ತಂದು, ಪಕ್ಕದ ಮನೆಯ ಮಲಬಾರಿಗಳಿಂದ ಕುಸುಬಲಕ್ಕಿ ಕೇಳಿ ಪಡೆದು, ಸ್ಟವ್ ಹಚ್ಚಿ ಕೂತಳು. ಉಸುಕಿಗೂ ಜಾತಕ ಇರುತ್ತದೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಗಾಳಿ ಬೀಸಿ ಬೀಸಿ ಅಲ್ಲಿಯ ಉಸುಕು ಮೈದಾ ಹಿಟ್ಟಿನಷ್ಟು ನುಣ್ಣಗಾಗಿತ್ತು. ಅಕ್ಕಿ ಅರಳಲಿಲ್ಲ. ಹಿಟ್ಟು ಮೆತ್ತಿಕೊಂಡು, ಅರ್ಧ ಸೀದು, ಜರಡಿಗೂ ಬಗ್ಗದೆ ಹಾಗೇ ಕೂತಿತು. ನಿಯಾಜ್ ಒಂದು ಕಾಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಯೋಚಿಸಿ, "ಸಿಮೆಂಟ್ ಐತೆ, ಜೆಲ್ಲಿ ಇದ್ದಿದ್ರೆ ಮನೆ ಕಟ್ಟಬಹುದಿತ್ತು" ಎಂದ. ಅವಳೂ ನಕ್ಕಳು. ಆದರೆ ಬಾಣಲೆ ತಿಕ್ಕುವಾಗ ಅತ್ತಳು. ಬೆಂಕಿಯ ಮುಂದೆ ಅವಳು ಸೋತದ್ದು ಅದೇ ಮೊದಲು.

ಆಮೇಲೆ ಬಾಣಲೆ ಅಟ್ಟ ಸೇರಿತು, ವರ್ಷಗಳು ಉರುಳಿದವು. ಮಗಳು ಮುಬೀನಾ ಅಲ್ಲೇ ಹುಟ್ಟಿದಳು. ಮನೆಗೆ ಫ್ರಿಜ್ ಬಂತು, ಟೇಪ್ ರೆಕಾರ್ಡರ್ ಬಂತು, ಸದಾ ಗೊರಗೊರ ಅನ್ನುವ ಏಸಿ ಬಂತು. ಕೊರತೆ ಅನ್ನುವಂಥದ್ದು ಏನೂ ಇರಲಿಲ್ಲ. ಆದರೂ ಹೊನ್ನಾಳಿಯ ಭಟ್ಟಿಯ ಮುಂದೆ ನಿಂತು, ಉರಿ ಏರಿಸಲು "ಹೊಟ್ಟು ಹಾಕ್ರಿ" ಎಂದು ಕೂಗಿದರೆ ಹೊಳೆಯಾಚೆಗೆ ಕೇಳಿಸುತ್ತಿದ್ದ ಅವಳ ದನಿ, ಇಲ್ಲಿ ಏಸಿಯ ಸದ್ದು ದಾಟಿ ಪಕ್ಕದ ಕೋಣೆಗೂ ಹೋಗುತ್ತಿರಲಿಲ್ಲ. ಕೂಗುವಂಥ ಕೆಲಸವೇ ಇರಲಿಲ್ಲವಲ್ಲ.

ಮಗಳಿಗೆ ಮಾತ್ರ ಅವಳು ನಾನಿಯ ಕತೆಗಳನ್ನೆಲ್ಲ ಹೇಳುತ್ತಿದ್ದಳು. ನಾನಿ ಎಂದರೆ ದಿಲ್‌ಶಾದಳ ತಾಯಿಯ ತಾಯಿ, ಭಟ್ಟಿಯ ಯಜಮಾನಿ ಮೆಹರಾಜ್ ಬೇಗಂ. ಅಕ್ಕಿ ಹದಕ್ಕೆ ಬರುವವರೆಗೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕತೆ ಹೇಳುವುದು ಆಕೆಯ ಪದ್ಧತಿ. ಕತೆ ಮುಗಿಯುವುದಕ್ಕೂ ಮಂಡಕ್ಕಿ ಅರಳುವುದಕ್ಕೂ ಸರಿಯಾಗುತ್ತಿತ್ತು. ಆ ಕತೆಗಳಲ್ಲೆಲ್ಲ ಒಂದು ಹೊಳೆ ಬಂದೇ ಬರುತ್ತಿತ್ತು.

"ಹೊಳೆ ಅಂದ್ರೆ ಅಬ್ಬಾನ ಟ್ಯಾಂಕರ್ ಥರಾನಾ ಅಮ್ಮಿ?" ಎಂದು ಮುಬೀನಾ ಕೇಳುತ್ತಿದ್ದಳು. ನಿಯಾಜ್ ಓಡಿಸುತ್ತಿದ್ದದ್ದು ಕುಡಿಯುವ ನೀರಿನ ಟ್ಯಾಂಕರ್. ಸಮುದ್ರ ಬಿಟ್ಟರೆ ಆ ಮಗು ಕಂಡ ದೊಡ್ಡ ನೀರೆಂದರೆ ಅದೇ.

"ಅದಕ್ಕಿಂತ ಉದ್ದ ಐತೆ."

"ಎರಡು ಟ್ಯಾಂಕರ್ ಅಷ್ಟಾ?"

ದಿಲ್‌ಶಾದ್ ಮಗಳ ಹೊದಿಕೆ ಸರಿಮಾಡಿ ಕತೆ ಮುಂದುವರಿಸುತ್ತಿದ್ದಳು.

ಎಂಬತ್ತಮೂರನೇ ಇಸವಿಯ ಬೇಸಿಗೆ ಮುಗಿಯುವ ಹೊತ್ತಿಗೆ ಬೀರಲಿಂಗಪ್ಪ ರಜೆ ಮುಗಿಸಿ ಬಂದ. ಜಗಳೂರು ಕಡೆಯ ಈ ಗಾರೆ ಕೆಲಸದವನು ಶಾರ್ಜಾದಲ್ಲಿ ಕನ್ನಡ ಕೇಳಿಸಿದ ಮನೆ ಎಂದು ಒಂದು ದಿನ ಬಾಗಿಲು ತಟ್ಟಿದ್ದ. ಅಂದಿನಿಂದ ದಿಲ್‌ಶಾದಳಿಗೆ ತಮ್ಮ, ನಿಯಾಜನಿಗೆ ಭಾಮೈದ. ಆ ಗಂಡಹೆಂಡಿರ ಮನೆಮಾತು ಉರ್ದುವಾದರೂ ಅವನಿದ್ದಾಗ ಮನೆಯೆಲ್ಲ ಕನ್ನಡ. ಅವನಿಲ್ಲದಾಗಲೂ ಜಗಳಕ್ಕೆ ಮತ್ತು ತಮಾಷೆಗೆ ಕನ್ನಡವೇ ಬೇಕಾಗುತ್ತಿತ್ತು.

ಈ ಸಲ ಅವನು ಹೊನ್ನಾಳಿಗೂ ಹೋಗಿ ಬಂದಿದ್ದ. ನಾನಿ ಕಳಿಸಿದ ಮಂಡಕ್ಕಿ ಅಕ್ಕಿಯ ಚೀಲವನ್ನು ನೆಲಕ್ಕಿಳಿಸಿ, ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅಕ್ಕಾ, ಅಜ್ಜಿ ಒಂದು ಮಾತು ಹೇಳ್ಯಾರೆ. ಹಂಗೇ ಹೇಳು, ನಡುವೆ ನಿಂದೇನೂ ಸೇರಿಸಬೇಡ ಅಂದಾರೆ."

"ಹೇಳು."

"ಮೊಣಕಾಲು ಕೈಕೊಟ್ಟಾವೆ. ಭಟ್ಟಿಗೆ ಹೊಟ್ಟು ಹಾಕೋ ಹನುಮಂತಮ್ಮನೂ ನ್ಯಾಮತಿಗೆ ಮಗಳ ಮನೆಗೆ ಹೊಂಟು ನಿಂತಾಳೆ. ಬಿಸಿಲುಗಾಲ ಬರೋತಂಕ ಹೆಂಗಾರ ಮಾಡಿ ಭಟ್ಟಿ ನಡೆಸ್ತೀನಿ. ನೀನು ಬರೋದಾದ್ರೆ ಬರ್ತೀನಿ ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ಎರಡೂ ಸಮನೇ. ಆದ್ರೆ ಬೆಂಕಿನ ಅನುಮಾನದಾಗೆ ಇಡಬಾರ್ದು. ಇಷ್ಟೇ ಅಕ್ಕಾ."

ದಿಲ್‌ಶಾದ್ ಚೀಲದ ಬಾಯಿ ಬಿಚ್ಚಿ ಅಕ್ಕಿಯೊಳಗೆ ಕೈ ಇಟ್ಟಳು. ಸಾಸ್ವೆಹಳ್ಳಿ ಕಡೆಯ ಭತ್ತ. ಹೊಟ್ಟಿನ ಹೊಗೆಯ ವಾಸನೆ ಇನ್ನೂ ಅದರಲ್ಲಿತ್ತು. ಕೈ ಹೊರಗೆ ತೆಗೆಯುವಷ್ಟರಲ್ಲಿ ಅವಳು ತೀರ್ಮಾನಿಸಿಬಿಟ್ಟಿದ್ದಳು.

ದೇವರ ಆಟ ನೋಡಿ, ಅದೇ ಸಂಜೆ ನಿಯಾಜ್ ಹಿಗ್ಗಿ ಹೀರೇಕಾಯಿಯಾಗಿ ಬಂದ. ಹೊರದೇಶದಿಂದ ಹೋದವರಿಗೆಲ್ಲ ಅಲ್ಲಿ ಜವಾಬುದಾರನಾಗಿ ಒಬ್ಬ ಅರಬ್ಬಿ ಯಜಮಾನ ಇರಬೇಕು. ಅವನನ್ನು ಕಫೀಲ ಎನ್ನುತ್ತಾರೆ. ನಿಯಾಜನ ಕಫೀಲನಿಗೆ ಇವನ ನಿಯತ್ತು ಹಿಡಿಸಿ, ಹಳೇ ಪೇಟೆಯಲ್ಲಿ ಖಾಲಿ ಬಿದ್ದ ಅಂಗಡಿಯನ್ನು ಕೊಡುತ್ತೇನೆ, ತಿಂಡಿ ಅಂಗಡಿ ಇಡು, ಹೆಂಡತಿ ಮಕ್ಕಳ ಸಮೇತ ಇಲ್ಲೇ ಬೇರು ಬಿಡು ಎಂದಿದ್ದನಂತೆ.

"ಟ್ಯಾಂಕರ್ ಕೆಲಸ ಮುಗೀತು ದಿಲ್‌ಶಾದ್. ಇನ್ನು ಮೇಲೆ ಸೇಠು. ಗಲ್ಲಾದ ಹಿಂದೆ ಫ್ಯಾನ್ ಕೆಳಗೆ ಕೂರೋದು."

"ನನ್ನ ನಾನಿ ಭಟ್ಟಿ ನಿಲ್ಲಿಸ್ತಾಳಂತೆ. ನಾನು ಊರಿಗೆ ಹೋಗಬೇಕು."

"ನೋಡ್ಕೊಂಡು ಬಾ. ರಜೆ ಹಾಕೋಣ."

"ನೋಡಾಕಲ್ಲ ರೀ. ಇರಾಕೆ."

ಏಸಿಯ ಗೊರಗೊರ ಅಂದು ಬಹಳ ಜೋರಾಗಿ ಕೇಳಿಸಿತು. ನಿಯಾಜ್ ಕೆಟ್ಟವನಲ್ಲ. ಹೆಂಡತಿಯ ಮಾತಿಗೆ ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಆದರೆ ತನ್ನೂರು ಚನ್ನಗಿರಿಯಿಂದ ಹೊರಡುವಾಗ ಅವನ ಅಣ್ಣ ಅಮೀರ್‌ಜಾನ್ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ, "ಹೋಗಿ ಬಾ, ಇವತ್ತು ಹೋಗಿ ನಾಳೆ ಬರಬೇಡ" ಎಂದು ನಕ್ಕಿದ್ದ. ಆ ನಗು ಅವನ ಬೆನ್ನಿಗೆ ಅಂಟಿಕೊಂಡು ಇಷ್ಟು ದೂರ ಬಂದಿತ್ತು.

"ಊರಿಗೆ ಹೋಗಿ ಏನಂತ ಹೇಳಲಿ?" ಎಂದ. "ಅಂಗಡಿ ಕೊಡ್ತೀನಿ ಅಂದ್ರೂ ಬಿಟ್ಟು ಬಂದೆ ಅಂದ್ರೆ ನಂಬೋರು ಯಾರು? ಬಾಳಾಕೆ ಆಗ್ದೆ ಓಡಿ ಬಂದ ಅಂತಾರೆ."

ಮಾತು ಅಲ್ಲಿಗೇ ಮುಗಿಯಲಿಲ್ಲ. ದಿನವೂ ಊಟದ ಜೊತೆ ಉಪ್ಪಿನಕಾಯಿಯಂತೆ ಅದೂ ಬರುತ್ತಿತ್ತು. ಕಡೆಗೊಂದು ಮಧ್ಯಾಹ್ನ, ಬೀರಲಿಂಗಪ್ಪನ ಎದುರಿಗೇ, ದಿಲ್‌ಶಾದ್ ತಟ್ಟೆ ಸರಿಸಿ ಹೇಳಿದಳು. "ಆಯ್ತು. ಈ ನೆಲದ ಉಸುಕು ನೀವು ತರ್ರಿ, ನಾನು ಹುರೀತೀನಿ. ಮಂಡಕ್ಕಿ ಅರಳಿದ್ರೆ ಇಲ್ಲೇ ಇರ್ತೀನಿ. ಇನ್ನೊಂದು ಸಲ ಊರಿನ ಸುದ್ದಿ ಎತ್ತಲ್ಲ. ಅರಳದಿದ್ರೆ ಮೂರು ಜನಾನೂ ಹೊನ್ನಾಳಿಗೆ."

ಇದು ಅವಳ ಸ್ವಂತ ಬುದ್ಧಿಯಲ್ಲ, ನಾನಿಯ ಕತೆಯಿಂದ ಕದ್ದದ್ದು. ದೂರದ ರಾಜ್ಯಕ್ಕೆ ಮದುವೆಯಾಗಿ ಹೋಗಲು ಮನಸ್ಸಿಲ್ಲದ ಒಬ್ಬ ಶಹಜಾದಿ, ಅರಮನೆಯ ಹಿಂದಿನ ಒಣ ಬೊಡ್ಡೆ ಚಿಗುರಿದರೆ ಮಾತ್ರ ಒಪ್ಪುತ್ತೇನೆ ಎಂದಳಂತೆ. ಅದು ಸತ್ತ ಮರ ಎಂದು ಅವಳಿಗೆ ಗೊತ್ತಿತ್ತು. ಬಂದವರು ಅದಕ್ಕೆ ಹಾಲು ಸುರಿದರು, ಗುಲಾಬ್‌ನೀರು ಸುರಿದರು. ಊಹೂಂ. ಎಲ್ಲರೂ ಬೇಸತ್ತು ಹೋದ ಮೇಲೆ ಒಂದು ಉರಿಬಿಸಿಲಲ್ಲಿ ಶಹಜಾದಿಗೇ ಆ ಬೊಡ್ಡೆಯ ಮೇಲೆ ಕರುಣೆ ಬಂದು, ತಾನು ಕುಡಿಯುವ ನೀರನ್ನೇ ಅದರ ಬುಡಕ್ಕೆ ಹಾಕಿದಳು. ಬೊಡ್ಡೆ ಚಿಗುರಿತು. "ಹಂಗಾದ್ರೆ ಅವಳು ಸೋತ್ಲಾ ನಾನಿ?" ಎಂದು ಮಕ್ಕಳು ಕೇಳಿದರೆ, ನಾನಿ ಒಂದು ಬೊಗಸೆ ಅಕ್ಕಿಯನ್ನು ಉಸುಕಿಗೆ ಎಸೆದು, "ನೀವೇ ಹೇಳ್ರಿ" ಎನ್ನುತ್ತಿದ್ದಳು.

ಷರತ್ತು ಹಾಕುವಾಗ ದಿಲ್‌ಶಾದಳಿಗೆ ಕತೆಯ ಅರ್ಧ ಮಾತ್ರ ನೆನಪಿತ್ತು.

ನಿಯಾಜ್ ಸಂತೋಷದಿಂದ ಒಪ್ಪಿದ. ಉಸುಕಿನ ದೇಶದಲ್ಲಿ ಉಸುಕಿಗೇನು ಬರ. ಟ್ಯಾಂಕರ್ ಹೋದಲ್ಲೆಲ್ಲ ಒಂದು ಡಬ್ಬ ತುಂಬಿಕೊಂಡು ಬರತೊಡಗಿದ. ಒಳನಾಡಿನ ಕೆಂಪು ದಿಬ್ಬದ ಉಸುಕು ತಂದ. ಅದು ಬಾಣಲೆಯಲ್ಲಿ ಕಾದು ಧೂಳಾಗಿ ಎದ್ದು ಮೂವರೂ ಕೆಮ್ಮಿ ಕೆಮ್ಮಿ ಹೊರಗೋಡಿದರು. ಸಮುದ್ರದ ದಂಡೆಯ ಉಸುಕು ತಂದ. ಅದರಲ್ಲಿದ್ದ ಕಪ್ಪೆಚಿಪ್ಪಿನ ಚೂರುಗಳು ಪಟಪಟ ಸಿಡಿದು, ಒಂದು ಹೋಗಿ ಬೀರಲಿಂಗಪ್ಪನ ಮೂಗಿಗೆ ಬಡಿಯಿತು.

"ಭಾವಾ, ಮಂಡಕ್ಕಿ ಅರಳದಿದ್ರೂ ಚಿಪ್ಪು ಅರಳ್ತು ನೋಡ್ರಿ. ಇದನ್ನೇ ಮಾರ್ರಿ" ಎಂದು ಅವನು ಮೂಗು ಉಜ್ಜಿಕೊಂಡ.

"ನಿನ್ನ ಮೂಗಿಗೆ ಒಗ್ಗರಣೆ ಹಾಕಿ ಮಾರ್ತೀನಿ ತಡಿ" ಎಂದ ನಿಯಾಜ್.

ಪ್ರತಿ ಸೋಲಿಗೂ ದಿಲ್‌ಶಾದ್ ಒಳಗೊಳಗೇ ಊರಿನ ಕಡೆಗೆ ಒಂದೊಂದು ಹೆಜ್ಜೆ ಹತ್ತಿರವಾಗುತ್ತಿದ್ದಳು. ಮೋಸ ಮಾತ್ರ ಮಾಡುತ್ತಿರಲಿಲ್ಲ, ಮಾಡುವ ಅಗತ್ಯವೂ ಇರಲಿಲ್ಲ. ಅಟ್ಟದ ಪೆಟ್ಟಿಗೆ ಇಳಿಸಿ ಮಗಳ ಬಟ್ಟೆಗಳನ್ನು ಮಡಿಸತೊಡಗಿದಳು. ನಿಯಾಜನ ಮುಖ ದಿನದಿನಕ್ಕೆ ಇಳಿಯುತ್ತಿತ್ತು. ಚೀಲದ ಅಕ್ಕಿಯೂ ಅರ್ಧಕ್ಕೆ ಇಳಿದಿತ್ತು.

ಆಗ ಬೀರಲಿಂಗಪ್ಪ ಗುಡ್ಡಗಳ ಕಡೆ ಸೇತುವೆ ಕಟ್ಟುವ ಕೆಲಸಕ್ಕೆ ಹೋದವನು ಹೆಗಲ ಮೇಲೆ ಒಂದು ಸಿಮೆಂಟು ಚೀಲ ಹೊತ್ತುಕೊಂಡು ಬಂದ.

"ಅಕ್ಕಾ, ಸೇತುವೆ ಯಾಕೆ ಕಟ್ತಾರೆ ಹೇಳು."

"ನೀರು ದಾಟಾಕೆ."

"ನೀರೇ ಇಲ್ಲದ ಕಡೆ ಕಟ್ತಾ ಇದ್ವಿ. ನಾನೂ ಇವ್ರಿಗೆ ತಲೆ ಕೆಟ್ಟೈತೆ ಅನ್ಕಂಡಿದ್ದೆ. ಗುಡ್ಡದಾಗೆ ಮಳೆ ಬಿದ್ರೆ ಅಲ್ಲಿ ಹಳ್ಳ ಹರೀತೈತಂತೆ. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸಲ, ಆನೆ ನುಗ್ಗಿದಂಗೆ ಬರ್ತೈತಂತೆ. ವಾದಿ ಅಂತಾರೆ ಅದಕ್ಕೆ. ಅದರ ತಳದ್ದು ಇದು. ಇದರಾಗೆ ಗಾರೆ ಕಲಸಿದಾಗ ನನ್ನ ಕೈಗೆ ಊರು ನೆನಪಾತು."

ದಿಲ್‌ಶಾದ್ ಚೀಲದೊಳಗೆ ಕೈ ಹಾಕಿದಳು. ಬೆರಳ ಸಂದಿಯಲ್ಲಿ ಜಾರಿದ್ದು ಗಾಳಿ ಅರೆದ ಹಿಟ್ಟಲ್ಲ. ನೀರು ಉರುಳಿಸಿ, ತೊಳೆದು, ಆರಿಸಿಟ್ಟ ಕಾಳು ಕಾಳು ಉಸುಕು. ಕಣ್ಣು ಕಟ್ಟಿ ಕೊಟ್ಟಿದ್ದರೆ ತುಂಗಭದ್ರೆಯದೇ ಎಂದುಬಿಡುತ್ತಿದ್ದಳು. ಈ ಬೋಳು ದೇಶವೂ ಎಲ್ಲೋ ಗುಡ್ಡದ ಮರೆಯಲ್ಲಿ ಒಂದು ಹೊಳೆಯನ್ನು ಬಚ್ಚಿಟ್ಟುಕೊಂಡಿತ್ತು.

"ಹೆಂಗೈತೆ?" ಎಂದ ನಿಯಾಜ್. ಅವನ ದನಿಯಲ್ಲಿ ಆಸೆ ಇತ್ತು, ಹೆದರಿಕೆಯೂ ಇತ್ತು.

"ನೋಡೋಣ" ಎಂದಳು.

ಶುಕ್ರವಾರ ನಮಾಜ್ ಮುಗಿದ ಮೇಲೆ ಹುರಿಯುವುದು ಎಂದು ನಿಶ್ಚಯವಾಯಿತು. ಅದಕ್ಕೂ ಮುಂಚಿನ ದಿನಗಳಲ್ಲಿ ದಿಲ್‌ಶಾದಳ ಜೀವ ಎರಡು ಕಡೆ ಎಳೆಯಿತು. ಉಸುಕನ್ನು ತೊಳೆದು, ಒಣಗಿಸಿ, ಮತ್ತೆ ಮತ್ತೆ ಕಾಯಿಸಿ ಬೆಂಕಿಗೆ ಪಳಗಿಸುವಾಗ ಅವಳ ಮನಸ್ಸು ಒಂದೇ ಲೆಕ್ಕ ಹಾಕುತ್ತಿತ್ತು. ಅಕ್ಕಿಗೆ ಉಪ್ಪುನೀರು ಒಂದು ಬೊಗಸೆ ಹೆಚ್ಚಾದರೆ ಸಾಕು, ಅರಳುವುದಿಲ್ಲ. ಉಸುಕು ಸ್ವಲ್ಪ ಕಡಿಮೆ ಕಾದಾಗ ಎಸೆದರೆ ಸಾಕು, ಅರಳುವುದಿಲ್ಲ. ನೋಡುವವರಿಗೆ ಏನೂ ಗೊತ್ತಾಗದು. ಉಸುಕಿನ ಮೇಲೆ ತಪ್ಪು ಹಾಕಿ ವಿಮಾನ ಹತ್ತಬಹುದು. ನಾನಿಯ ಭಟ್ಟಿ ಉಳಿಯುತ್ತದೆ, ಮಗಳು ಹೊಳೆ ನೋಡುತ್ತಾಳೆ. ಇಷ್ಟೆಲ್ಲಕ್ಕೆ ಬೇಕಾದದ್ದು ಒಂದು ಬೊಗಸೆ ಉಪ್ಪುನೀರು.

ಶುಕ್ರವಾರ ಮನೆಯ ಹಿಂದಿನ ಬಯಲಿಗೆ ಇಡೀ ವಠಾರವೇ ಬಂತು. ಮಲಬಾರಿಗಳು, ಪಠಾಣರು, ಬೀರಲಿಂಗಪ್ಪನ ಜೊತೆಗಾರರು. ಬಿರಿಯಾನಿ ಹೋಟೆಲಿನಿಂದ ದೊಡ್ಡ ಬಾಣಲೆ ತಂದು ಇಟ್ಟಿಗೆ ಒಲೆಯ ಮೇಲೆ ಕೂರಿಸಿದ್ದರು. ಹಳೇ ಸೆಂಟ್ರಿಂಗ್ ಹಲಗೆಗಳು ಧಗಧಗ ಉರಿದವು. ನಿಯಾಜ್ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಮೂರು ರಾತ್ರಿಯಿಂದ ನಿದ್ದೆಯಿಲ್ಲದ ಮುಖ.

ದಿಲ್‌ಶಾದ್ ಅಕ್ಕಿಯ ಮುಂದೆ ಕೂತಳು. ಪಕ್ಕದಲ್ಲಿ ಉಪ್ಪುನೀರಿನ ಪಾತ್ರೆ. ಅಳತೆಗೆ ಸರಿಯಾಗಿ ಸವರಿದಳು. ಕೈ ಇನ್ನೊಮ್ಮೆ ಪಾತ್ರೆಯೊಳಗೆ ಇಳಿಯಿತು. ಆಗ ನಾನಿಯ ಮಾತು, ಕತೆಯಲ್ಲಿ ಹೇಳಿದ್ದಲ್ಲ, ಎಳೆಯ ವಯಸ್ಸಿನಲ್ಲಿ ಕೆನ್ನೆಗೆ ಬಾರಿಸಿ ಹೇಳಿದ್ದು, ಕಿವಿಯಲ್ಲಿ ಕೇಳಿಸಿತು. "ಬೆಂಕಿ ಮುಂದೆ ಸುಳ್ಳಾಡಿದ ಕೈ ಆಮೇಲೆ ನಿಜ ಮಾಡಾಕೆ ಮರೀತೈತೆ."

ಸುಳ್ಳಾಡಿದ ಕೈ ಹೊತ್ತುಕೊಂಡು ಹೋಗಿ ಹೊನ್ನಾಳಿಯ ಭಟ್ಟಿಯ ಮುಂದೆ ಹೇಗೆ ನಿಲ್ಲುವುದು? ಅವಳು ಪಾತ್ರೆಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಆ ಕಡೆ ಉರಿ ಸಾಲದು, ಹಲಗೆ ಹಾಕ್ರಿ" ಎಂದು ಕೂಗಿದಳು.

ಕನ್ನಡ ಬಾರದ ಪಠಾಣನೊಬ್ಬ ಮರುಮಾತಿಲ್ಲದೆ ಹಲಗೆ ಹಾಕಿದ. ನಿಯಾಜ್ ಕಟ್ಟಿದ ಕೈ ಬಿಟ್ಟು ತಲೆಯೆತ್ತಿದ.

"ಬೀರಪ್ಪ, ಜರಡಿ ಹಿಡಿ. ಅಲ್ಲಲ್ಲ, ಹತ್ತಿರ ಬಾ, ಬೆಂಕಿ ನಿನ್ನೇನು ಮದುವೆ ಆಗಲ್ಲ."

ಅಕ್ಕಿ ಹದಕ್ಕೆ ಬಿಸಿಯಾದ ಮೇಲೆ ಒಂದು ಕಾಳು ಎಸೆದು ನೋಡಿದಳು. ಬಿದ್ದದ್ದೇ ತಡ ಚಟ್ ಎಂದು ಅರಳಿ ಮೇಲೆದ್ದಿತು. ಇನ್ನು ಕಾಯಲಿಲ್ಲ. ಬೊಗಸೆ ತುಂಬ ಅಕ್ಕಿಯನ್ನು ಉಸುಕಿಗೆ ಬಿಟ್ಟು, ಉದ್ದ ಹಿಡಿಯ ಸೌಟಿನಿಂದ ಒಂದು ಸುತ್ತು ತಿರುಗಿಸಿದಳು. ಕೆರೆಯ ಮೇಲೆ ಮಳೆಯ ಮೊದಲ ಹನಿಗಳು ಬಿದ್ದಂಥ ಸದ್ದು. ಕಂದು ಉಸುಕಿನ ಒಳಗಿಂದ ಬೆಳ್ಳಗೆ, ಇನ್ನೂ ಬೆಳ್ಳಗೆ, ಮಂಡಕ್ಕಿ ಉಕ್ಕಿ ಉಕ್ಕಿ ಬಂತು. ಜರಡಿಯಲ್ಲಿ ಅಲ್ಲಾಡಿಸಿದರೆ ಉಸುಕು ಸರಸರ ಇಳಿದು, ಮೇಲೆ ಉಳಿದದ್ದು ಹೂವಿನ ರಾಶಿ.

ಯಾರೋ ಚಪ್ಪಾಳೆ ಹೊಡೆದರು. ಮುಬೀನಾ ಎರಡೂ ಕೈ ರಾಶಿಯೊಳಗೆ ಹುಗಿದಳು. ಈರುಳ್ಳಿ, ಹಸಿಮೆಣಸು, ಪುಟಾಣಿ ಪುಡಿ ಬಿದ್ದು ಒಗ್ಗರಣೆ ಚುರ್ ಎಂದಾಗ ಬಯಲಿಗೆ ಬಯಲೇ ಹೊನ್ನಾಳಿ ಸಂತೆಯಾಯಿತು. ಹಾಕಿದಷ್ಟೂ ಅರಳಿತು, ಅರಳಿದಷ್ಟೂ ಖಾಲಿಯಾಯಿತು. ಚೀಲದ ಕೊನೆಯ ಅಕ್ಕಿಯವರೆಗೂ ದಿಲ್‌ಶಾದ್ ಒಲೆ ಬಿಟ್ಟು ಕದಲಲಿಲ್ಲ. ಮುಖ ಕೆಂಪಗೆ, ಬೆವರು ಧಾರೆಧಾರೆ, ದನಿ ಬಯಲಿನ ಆಚೆಯ ರಸ್ತೆಗೆ ಕೇಳುವಷ್ಟು. ಆ ಹೊತ್ತಿನಲ್ಲಿ ಗೆಲುವು ಯಾರದು, ಸೋಲು ಯಾರದು ಎಂಬುದು ಅವಳ ನೆನಪಿನಲ್ಲೇ ಇರಲಿಲ್ಲ.

ಬೆಂಕಿ ಆರಿದ ಮೇಲೆ ನೆನಪಾಯಿತು. ಕೈ ತೊಳೆದು ಗಂಡನ ಎದುರು ಬಂದು ನಿಂತಳು.

"ಅರಳ್ತು ರೀ. ಮಾತಿಗೆ ತಪ್ಪಲ್ಲ. ಇಲ್ಲೇ ಇರ್ತೀನಿ."

ಬೀರಲಿಂಗಪ್ಪ ಬಾಯಿತುಂಬ ಮಂಡಕ್ಕಿ ಇಟ್ಟುಕೊಂಡೇ ಪಂಚಾಯ್ತಿಗೆ ಕೂತ. "ತಡಿಯಕ್ಕಾ. ಷರತ್ತು ಹಾಕಿದ್ದು ನೀನು. ಉಸುಕು ಹೊತ್ತು ತಂದಿದ್ದು ನಾನು. ಅರಳಿಸಿದ್ದು ನೀನು. ಭಾವ ಮಾಡಿದ್ದೇನು? ತಿಂದಿದ್ದು. ತಿಂದವರು ಗೆದ್ದಂಗೆ ಹೆಂಗಾಗ್ತೈತೆ?"

ಎಲ್ಲರೂ ನಕ್ಕರು. ನಿಯಾಜ್ ನಗಲಿಲ್ಲ. ಅವನು ಹೆಂಡತಿಯ ಕೆಂಪಗಾದ ಮುಖವನ್ನೇ ನೋಡುತ್ತಿದ್ದ.

"ನಾನು ಲಾರಿ ಹೊಡೀತಾ ಇದ್ದಾಗ ನಿಮ್ಮ ಭಟ್ಟಿಗೆ ಒಂದು ಲೋಡ್ ಭತ್ತ ತಂದಿದ್ದೆ" ಎಂದ. "ಮಳೇಲಿ ನೆಂದಿತ್ತು. ಆವಾಗ ಒಬ್ಬಳು ಹಿಂಗೇ ಸೆರಗು ಸಿಕ್ಕಿಸ್ಕೊಂಡು ಬಂದು, ಲಾರಿ ಹೊಡಿಯಾಕೆ ಬರ್ತೈತೋ, ದನ ಕಾಯಾಕೆ ಬರ್ತೈತೋ ಅಂತ ಬೈದಿದ್ಲು. ಅವತ್ತೇ ಮನೆಗೆ ಹೋಗಿ, ಮದುವೆ ಆದ್ರೆ ಅವಳನ್ನೇ ಅಂದಿದ್ದೆ."

"ಈಗ ಅದೆಲ್ಲ ಯಾಕೆ?"

"ಅವಳು ಎಲ್ಲಿ ಹೋದ್ಲು ಅಂತ ಇಷ್ಟು ವರ್ಷ ನಾನು ಕೇಳ್ಳೇ ಇಲ್ಲ. ಮನೇಲಿ ಇರೋಳು ಬೈಯಲ್ಲ, ಕೂಗಲ್ಲ, ಒಳ್ಳೇದೇ ಆಯ್ತು ಅನ್ಕೊಂಡಿದ್ದೆ. ಇವತ್ತು ನೋಡಿದೆ, ಅವಳು ಬೆಂಕಿ ಮುಂದೆ ಇದ್ಲು." ಮುಬೀನಾಳ ಕೆನ್ನೆಗೆ ಅಂಟಿದ್ದ ಮಂಡಕ್ಕಿ ಕಾಳು ತೆಗೆದು ಮತ್ತೆ ಹೇಳಿದ. "ನನ್ನ ಭಯ ಒಂದೇ ಇತ್ತು. ಸೋತು ಬಂದ ಅನ್ಸಿಕೋಬಾರ್ದು ಅಂತ. ಈಗ ಗೆದ್ದೇ ಊರಿಗೆ ಹೊರಡೋಣ, ಯಾವನಾದ್ರೂ ಅನ್ನಲಿ ನೋಡೋಣ."

ದಿಲ್‌ಶಾದಳಿಗೆ ಕತೆಯ ಉಳಿದ ಅರ್ಧ ಆಗ ನೆನಪಾಯಿತು. ಬೊಡ್ಡೆ ಚಿಗುರಿದ ಮೇಲೆ ಶಹಜಾದಿ ಸೋತಳಾ? ಸತ್ತ ಮರವನ್ನು ಚಿಗುರಿಸುವ ಕೈ ಇರುವವಳಿಗೆ ಹೋಗು ಎನ್ನುವವರು ಯಾರು, ಇರು ಎನ್ನುವವರು ಯಾರು? ಬಯಲಿನ ಆಚೆ, ಸಂಜೆಯ ಬಿಸಿಲಿಗೆ ಉಸುಕಿನ ದಿಬ್ಬಗಳು ಬಂಗಾರದ ಬಣ್ಣಕ್ಕೆ ತಿರುಗಿದ್ದವು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಆ ದೇಶ ಚೆಂದ ಕಂಡಿತು. ಇಲ್ಲೂ ಇರಬಲ್ಲೆ ಎಂದು ಗೊತ್ತಾಯಿತು. ಅದು ಗೊತ್ತಾದ ಮೇಲೆ ಹೊರಡುವುದು ಹಗುರವಾಯಿತು.

"ಉಸುಕು ನನ್ನ ಒಂದು ಸಲ ಸೋಲಿಸಿತ್ತು" ಎಂದಳು. "ಆ ಸೋಲು ಇಟ್ಕೊಂಡು ಹೋಗಿದ್ರೆ ಅಲ್ಲೂ ಚುಚ್ತಿತ್ತು. ಈಗ ಹೋಗೋಣ ರೀ. ಇರಾಕೆ ಆಗಲ್ಲ ಅಂತಲ್ಲ. ನನ್ನ ಭಟ್ಟಿ ಅಲ್ಲೈತೆ, ಅದಕ್ಕೆ."

"ಹಂಗಾದ್ರೆ ಅಂಗಡಿ?" ಎಂದ ಬೀರಲಿಂಗಪ್ಪ, ತಟ್ಟೆ ಕೆಳಗಿಡುತ್ತಾ.

ಗಂಡಹೆಂಡಿರು ಒಟ್ಟಿಗೇ ಅವನ ಕಡೆ ತಿರುಗಿದರು. ಜಗಳೂರಿನಲ್ಲಿ ಅವನಿಗಾಗಿ ಕಾಯುವ ಹೆಂಡತಿ ಇರಲಿಲ್ಲ, ಗಾರೆ ಕೆಲಸದಿಂದ ಬೆನ್ನು ಬಾಗಿತ್ತು, ಈ ಊರು ಅವನಿಗೆ ಹಿಡಿಸಿತ್ತು. ಅವನಿಗೆ ಅರ್ಥವಾದಾಗ ಬಾಯಲ್ಲಿದ್ದ ಮಂಡಕ್ಕಿ ಅಲ್ಲೇ ನಿಂತಿತು.

"ಬೆಂಕಿ ನಿನ್ನ ಮದುವೆ ಆಗಲ್ಲ ಅಂದಿದ್ದೆ. ಸುಳ್ಳು" ಎಂದಳು ದಿಲ್‌ಶಾದ್. "ನಾಳೆಯಿಂದ ಕಲಿ."

ನಾನಿಗೆ ಬರ್ತೀನಿ ಎಂದು ಕಾಗದ ಹಾಕಿ, ಮಲಬಾರಿಗಳ ಕುಸುಬಲಕ್ಕಿ ತಂದು, ಚಳಿಗಾಲವೆಲ್ಲ ಅವಳು ಅವನಿಗೆ ಕಲಿಸಿದಳು. ಸೀಯಿಸಿದ, ಸುಟ್ಟುಕೊಂಡ, ಬೈಸಿಕೊಂಡ, ಕಲಿತ. ಕಫೀಲನೇ ಬಂದು ಒಂದು ಹಿಡಿ ತಿಂದು, ಡ್ರೈವರ್ ಹೋದರೂ ಅಂಗಡಿ ಇರಲಿ ಎಂದು ತಲೆಯಾಡಿಸಿದ. ನಿಯಾಜ್ ಟ್ಯಾಂಕರಿನ ಚಾವಿ ಒಪ್ಪಿಸಿದ ದಿನ ಹಳೇ ಪೇಟೆಯಲ್ಲಿ ಜಗಳೂರು ಬೀರಲಿಂಗಪ್ಪನ ಮಂಡಕ್ಕಿ ಅಂಗಡಿಯ ಬಾಗಿಲು ತೆರೆಯಿತು.

ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಪೆಟ್ಟಿಗೆಯೊಳಗಿನ ಹಾಲುಪುಡಿ ಡಬ್ಬವನ್ನು ಎತ್ತಿ ಭಾರ ನೋಡಿದ. ಅವನ ಕಣ್ಣು ಹೊಳೆಯಿತು. ಮುಚ್ಚಳ ತೆಗೆದು, ಬೆರಳು ಹಾಕಿ, ತಳದವರೆಗೆ ಕೆದಕಿದ. ಉಸುಕು. ಡಬ್ಬ ಮಗುಚಿದ. ಬರೀ ಉಸುಕು. ಅರಬ್ ದೇಶದಿಂದ ಎಲ್ಲರೂ ಬಂಗಾರ ತರುತ್ತಿದ್ದರು, ಉಸುಕು ತಂದವರನ್ನು ಅವನು ಕಂಡಿರಲಿಲ್ಲ. ಚೆಲ್ಲಿದ್ದನ್ನು ದಿಲ್‌ಶಾದ್ ಒಂದು ಕಾಳೂ ಬಿಡದಂತೆ ಬಳಿದು ತುಂಬಿಕೊಳ್ಳುವುದನ್ನು ನೋಡಿ, ಪಾಪ ಎಂದು ದಾರಿ ಬಿಟ್ಟ.

ಚನ್ನಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಅಮೀರ್‌ಜಾನ್ ನಿಂತಿದ್ದ. ಅದೇ ನಗು.

"ಯಾಕೋ ನಿಯಾಜ್, ಅರಬ್ ದೇಶದ ಅನ್ನ ಜೀರ್ಣ ಆಗ್ಲಿಲ್ಲೇನೋ?"

"ಜೀರ್ಣ ಆಯ್ತು ಭಾಯಿ. ಅದಕ್ಕೇ ಮತ್ತೆ ಹಸಿವಾಗಿ ಬಂದೀವಿ" ಎಂದ ನಿಯಾಜ್. ಚಹಾದಂಗಡಿಯವರು ಬಿದ್ದು ಬಿದ್ದು ನಕ್ಕರು. ಅಮೀರ್‌ಜಾನನೂ ನಗಬೇಕಾಯಿತು. ಬೆನ್ನಿಗಂಟಿದ್ದ ಹಳೆಯ ನಗು ಅಲ್ಲೇ ಉದುರಿತು.

ಹೊನ್ನಾಳಿಗೆ ಬಂದಾಗ ಭಟ್ಟಿ ಇನ್ನೂ ಬೆಚ್ಚಗಿತ್ತು. ನಾನಿ ಮೆಹರಾಜ್ ಬೇಗಂ ಭಟ್ಟಿಯ ಮುಂದಿನ ಹಲಗೆಯ ಮೇಲೆ ಕಾಲು ಚಾಚಿ ಕೂತಿದ್ದಳು. ನ್ಯಾಮತಿಗೆ ಹೋಗಿದ್ದ ಹನುಮಂತಮ್ಮ ಸುದ್ದಿ ಕೇಳಿದ್ದೇ ಬಸ್ಸು ಹತ್ತಿ ಬಂದುಬಿಟ್ಟಿದ್ದಳು.

"ಮಗಳ ಮನೆ ಬಿಟ್ಟು ಬಂದ್ಯಾ ಹನುಮಂತಕ್ಕ?" ಎಂದಳು ದಿಲ್‌ಶಾದ್.

"ಕುಂತು ಉಂಡು ಮೈಗೆ ಜಡ ಹಿಡಿದಿತ್ತು ಮಗಾ. ನಿನ್ನ ಬೈಗುಳ ಇಲ್ದೆ ಕೂಳು ಇಳೀಲಿಲ್ಲ."

ದಿಲ್‌ಶಾದ್ ಡಬ್ಬದ ಉಸುಕನ್ನು ನಾನಿಯ ಅಂಗೈಗೆ ಸುರಿದಳು. ಆಕೆ ಬೆರಳಿನಿಂದ ಉಜ್ಜಿ, ಕಣ್ಣು ಮುಚ್ಚಿ, ಮತ್ತೆ ಉಜ್ಜಿದಳು.

"ಯಾವ ಹೊಳೇದು?"

"ಎರಡು ವರ್ಷಕ್ಕೊಂದು ಸಲ ಹರಿಯೋ ಹೊಳೇದು ನಾನಿ."

"ಅರಳ್ತಾ?"

"ಅರಳಿಸಿದೆ."

ನಾನಿ ಕೈಯಲ್ಲಿದ್ದ ಉಸುಕನ್ನು ತಾನೇ ಬಾಗಿ ಬಾಣಲೆಯ ತುಂಗಭದ್ರೆಯ ಉಸುಕಿಗೆ ಬೆರೆಸಿದಳು. ಆಮೇಲೆ ಹಲಗೆಯ ಮೇಲಿಂದ ಎದ್ದು, ಮೊಣಕಾಲು ಹಿಡಿದುಕೊಂಡು, ಭಟ್ಟಿಯ ಮುಂದಿನ ಜಾಗ ಖಾಲಿ ಮಾಡಿದಳು.

ಹಿತ್ತಿಲ ಬಾಗಿಲಿನಿಂದ ಮುಬೀನಾ ಅಪ್ಪನ ಕೈ ಹಿಡಿದು ಹೊಳೆಗೆ ಇಳಿದಿದ್ದಳು. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತಲೇ ಇತ್ತು. ಅದು ಮುಗಿಯಲಿ ಎಂದು ಅವಳು ಬಹಳ ಹೊತ್ತು ಕಾದಳು.

"ಅಬ್ಬಾ, ಇಷ್ಟು ನೀರು ಯಾರ ಟ್ಯಾಂಕರ್‌ದು?"

ಅಷ್ಟರಲ್ಲಿ ಮೇಲೆ ಭಟ್ಟಿಯ ಕಡೆಯಿಂದ ಒಂದು ದನಿ ಬಂತು.

"ಹೊಟ್ಟು ಹಾಕ್ರಿ."

ಹೊಳೆಯಾಚೆ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ತಲೆಯೆತ್ತಿ ನೋಡಿದರು.